ಉಳ್ಳಾಗಡ್ಡಿ ಬೇರಿನಿಂದ ಇಲಿಯ ಜೀನ್‌ವರೆಗೆ: ಶುಗೋಶಿನ್ ಓದುವ ಕ್ರಮ

ಎಂಎಸ್ಸಿ ಓದುವಾಗ ಇಲಿಯ ಒಂದು ಜೀನ್ ಮೇಲೆ ಸೆಮಿನಾರ್ ಕೊಟ್ಟಿದ್ದೆ. ಜೀನ್ ಹೆಸರು ಶುಗೋಶಿನ್. ಬೋರ್ಡ್ ತುಂಬ ಎಕ್ಸ್ ಆಕಾರದ ಕ್ರೋಮೋಸೋಮ್ ಬರೆದು, ಕೆಳಗೆ 'ಇಲಿಯ ಕ್ರೋಮೋಸೋಮ್' ಅಂತ ಬರೆದೆ. ಹಿಂದಿನ ಬೆಂಚಿನಲ್ಲಿ ಕೂತಿದ್ದ ಹಿರಿಯ ಮೇಷ್ಟ್ರು ಒಂದೇ ಪ್ರಶ್ನೆ ಕೇಳಿದರು. "ಇಲಿಯಲ್ಲಿ ಹೀಗೆ ಎಕ್ಸ್ ಥರ ಕಾಣೋವು ಎಷ್ಟಿವೆ?" ನಾನು ತಡಬಡಿಸಿ ನಲವತ್ತು ಅಂದೆ. ಸರಿಯಾದ ಉತ್ತರ ಸೊನ್ನೆ.

ಆಮೇಲೆ ಗೊತ್ತಾಯಿತು, ನಾನು ಓದಿದ್ದೆಲ್ಲ ಪದಗಳು ಮಾತ್ರ. ಕೋಹೆಸಿನ್, ಸೆಪರೇಸ್, ಸೆಂಟ್ರೋಮಿಯರ್ ಎಲ್ಲ ಬಾಯಿಪಾಠ. ಒಂದು ಕ್ರೋಮೋಸೋಮನ್ನೂ ಕಣ್ಣಾರೆ ನೋಡಿರಲಿಲ್ಲ. ಈಗ ಕಲಬುರಗಿಯಲ್ಲಿ ಬಿಎಸ್ಸಿ, ಎಂಎಸ್ಸಿ ಹುಡುಗರು "ಸರ್, ಒಂದು ಜೀನ್ ಮೇಲೆ ಸೆಮಿನಾರ್ ಕೊಡಬೇಕು, ಎಲ್ಲಿಂದ ಶುರು ಮಾಡ್ಲಿ?" ಅಂತ ಕೇಳಿದರೆ ಕಂಪ್ಯೂಟರ್ ಮುಂದೆ ಕೂರಿಸುವುದಿಲ್ಲ. ಮೊದಲು ಮಾರ್ಕೆಟ್‌ಗೆ ಹೋಗಿ ಉಳ್ಳಾಗಡ್ಡಿ ತನ್ನಿ ಅನ್ನುತ್ತೇನೆ. ಆ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ. ಒಟ್ಟು ಹತ್ತು ದಿನದ ಕೆಲಸ. ಕಾಲೇಜಿನ ಸಾಮಾನ್ಯ ಮೈಕ್ರೋಸ್ಕೋಪ್, ಒಂದಿಷ್ಟು ರಾಸಾಯನಿಕ, ನೆಟ್ ಇರುವ ಫೋನ್ ಇದ್ದರೆ ಸಾಕು.

ಹಂತ 1: ಅಂಟು ಯಾವುದು, ಕಾವಲುಗಾರ ಯಾರು

ಕೋಶ ಒಡೆಯುವ ಮುಂಚೆ ತನ್ನ ಡಿಎನ್‌ಎಯನ್ನು ನಕಲು ಮಾಡಿಕೊಳ್ಳುತ್ತದೆ. ಒಂದೊಂದು ಕ್ರೋಮೋಸೋಮ್‌ಗೂ ಎರಡು ಎಳೆ ಆಗುತ್ತವೆ. ಈ ಎರಡು ಎಳೆ ಆ ಕ್ಷಣವೇ ಬೇರೆಯಾದರೆ ಲೆಕ್ಕ ತಪ್ಪಿತು ಅಂತಲೇ ಅರ್ಥ. ಯಾವ ಎಳೆ ಯಾವ ಹೊಸ ಕೋಶಕ್ಕೆ ಹೋಗಬೇಕು ಅಂತ ತಿಳಿಯುವುದೇ ಇಲ್ಲ. ಅದಕ್ಕೇ ಸರಿಯಾದ ಗಳಿಗೆ ಬರುವವರೆಗೆ ಎರಡನ್ನೂ ಕೂಡಿಸಿ ಇಡಬೇಕು.

ನಮ್ಮ ಕಡೆಯವರಿಗೆ ಇದನ್ನು ತೊಗರಿ ಕಾಳಿನಿಂದ ಹೇಳುವುದು ಸುಲಭ. ಒಂದು ಕಾಳಿನೊಳಗೆ ಎರಡು ಬೇಳೆ. ಸಿಪ್ಪೆಗೂ ಬೇಳೆಗೂ ನಡುವೆ ಗಟ್ಟಿ ಅಂಟು. ಆ ಅಂಟಿನ ದೆಸೆಯಿಂದಲೇ ದಾಲ್ ಮಿಲ್‌ನವರು ಕಾಳಿಗೆ ಗೀರು ಹಾಕಿ, ಎಣ್ಣೆ ಸವರಿ, ಬಿಸಿಲಿಗೆ ಒಣಗಿಸಿ, ನೀರು ಚಿಮುಕಿಸಿ ಇಷ್ಟೆಲ್ಲ ಒದ್ದಾಡುವುದು. ಅವಸರ ಮಾಡಿದರೆ ಬೇಳೆಗೆ ಬದಲು ನುಚ್ಚು ಬರುತ್ತದೆ. ಕೋಶದಲ್ಲೂ ಅವಸರಕ್ಕೆ ಅದೇ ಗತಿ. ಹೋಲಿಕೆ ಇಲ್ಲಿಗೆ ಸಾಕು. ಇದಕ್ಕಿಂತ ಮುಂದೆ ಎಳೆದರೆ ಹರಿಯುತ್ತದೆ, ಏಕೆಂದರೆ ಕೋಶದ ಅಂಟು ನಿಜಕ್ಕೂ ಅಂಟಲ್ಲ, ಬಳೆ.

ಆ ಬಳೆಯ ಹೆಸರು ಕೋಹೆಸಿನ್. 1997ರಲ್ಲಿ ಯೀಸ್ಟ್ ಮೇಲೆ ಕೆಲಸ ಮಾಡುತ್ತಿದ್ದ ಎರಡು ತಂಡಗಳು, ಕಿಮ್ ನ್ಯಾಸ್ಮಿತ್ ಅವರದೊಂದು, ಡಗ್ಲಸ್ ಕೋಶ್‌ಲ್ಯಾಂಡ್ ಅವರದೊಂದು, ಇದರ ಭಾಗಗಳನ್ನು ಬೆಳಕಿಗೆ ತಂದವು. ಎಸ್‌ಎಂಸಿ1, ಎಸ್‌ಎಂಸಿ3 ಎಂಬ ಎರಡು ಉದ್ದ ಪ್ರೋಟೀನ್ ಬಾಗಿ ಬಳೆಯ ಆಕಾರ ಕೊಡುತ್ತವೆ. ರ್‍ಯಾಡ್21 ಅದರ ಕೊಂಡಿ. ಸ್ಟ್ಯಾಗ್ ಎಂಬ ಇನ್ನೊಂದು ಪಕ್ಕದಲ್ಲಿ ಅಂಟಿಕೊಂಡಿರುತ್ತದೆ. ಎರಡು ಎಳೆ ಈ ಬಳೆಯೊಳಗೆ ಸಿಕ್ಕಿಕೊಂಡಿರುತ್ತವೆ.

ಈಗ ಮುಖ್ಯ ವಿಷಯ. ಈ ಬಳೆಗಳನ್ನು ಕೋಶ ಎರಡು ಸಲ, ಎರಡು ರೀತಿಯಲ್ಲಿ ತೆಗೆಯುತ್ತದೆ. ಮೊದಲನೇ ಸಲ ಪ್ರೊಫೇಸ್ ಹೊತ್ತಿಗೆ, ಅಂದರೆ ಕೋಶ ಒಡೆಯಲು ಶುರು ಮಾಡಿದಾಗ. ಪಿಎಲ್‌ಕೆ1 ಎಂಬ ಕಿಣ್ವ ಬಳೆಯ ಮೇಲೆ ಫಾಸ್ಫೇಟ್ ಮೊಹರು ಹಾಕುತ್ತದೆ. ವಾಪಲ್ ಎಂಬ ಪ್ರೋಟೀನ್ ಬಂದು ಬಳೆಯನ್ನು ಬಿಚ್ಚುತ್ತದೆ. ಇದು ಬಿಚ್ಚುವುದಷ್ಟೇ, ಒಡೆಯುವುದಲ್ಲ. ತೋಳುಗಳ ಬಳೆ ಬಹುಪಾಲು ಆಗಲೇ ಹೋಗುತ್ತವೆ. ಎರಡನೇ ಸಲ ಅನಾಫೇಸ್ ಶುರುವಿನಲ್ಲಿ, ಅಂದರೆ ಎಳೆಗಳು ಬೇರೆಯಾಗುವ ಗಳಿಗೆಯಲ್ಲಿ. ಸೆಪರೇಸ್ ಎಂಬ ಕತ್ತರಿ ಉಳಿದ ಬಳೆಗಳ ಕೊಂಡಿಯನ್ನು, ಅಂದರೆ ರ್‍ಯಾಡ್21 ಅನ್ನು, ಕತ್ತರಿಸಿ ಹಾಕುತ್ತದೆ.

ಹಾಗಾದರೆ ಮೊದಲ ಸಲವೇ ಸೆಂಟ್ರೋಮಿಯರ್‌ನ, ಅಂದರೆ ಎರಡು ಎಳೆ ಕೊನೆವರೆಗೂ ಕೂಡಿರುವ ಬಿಂದುವಿನ, ಬಳೆಗಳೂ ಬಿಚ್ಚಿ ಹೋಗಬೇಕಿತ್ತು, ಅಲ್ವಾ? ಹೋಗುವುದಿಲ್ಲ. ಅಲ್ಲಿ ಕಾವಲಿಗೆ ಶುಗೋಶಿನ್ ಕೂತಿರುತ್ತದೆ. ಜೊತೆಗೆ ಪಿಪಿ2ಎ ಎಂಬ ಕಿಣ್ವವನ್ನು ಕರೆತಂದಿರುತ್ತದೆ. ಮೊಹರು ಬಿದ್ದ ಹಾಗೆ ಹಾಗೆ ಪಿಪಿ2ಎ ಅದನ್ನು ಅಳಿಸುತ್ತಿರುತ್ತದೆ. ಮೊಹರಿಲ್ಲದ ಬಳೆಯನ್ನು ವಾಪಲ್ ಬಿಚ್ಚಲಾರದು. 2004ರಲ್ಲಿ ಜಪಾನಿನ ಯೊಶಿನೋರಿ ವತನಬೆ ಅವರ ತಂಡ ಯೀಸ್ಟ್‌ನಲ್ಲಿ ಇದನ್ನು ಗುರುತಿಸಿ ಈ ಹೆಸರಿಟ್ಟಿತು. ಜಪಾನಿ ಭಾಷೆಯಲ್ಲಿ ಕಾಯುವ ದೇವತೆ ಅಂತ ಅರ್ಥ. ನಮ್ಮ ಹಳ್ಳಿಗಳಲ್ಲಿ ಊರ ಬಾಗಿಲಿಗೆ ಹನುಮಪ್ಪ ಇಲ್ವಾ, ಹಾಗೆ.

ಈ ಎರಡು ಸಲದ ಕಥೆ ನೋಟ್‌ಬುಕ್‌ನಲ್ಲಿ ಒಂದೇ ಚಿತ್ರವಾಗಿ ಬರೆಯಲು ಬರುವವರೆಗೆ ಮುಂದೆ ಹೋಗಬೇಡಿ.

ಹಂತ 2: ಬೇರು ಬೆಳೆಸಿ, ಸ್ಲೈಡ್ ಮಾಡಿ

ಇಲಿ ಬಿಟ್ಟು ಉಳ್ಳಾಗಡ್ಡಿ ಯಾಕೆ? ಅದರ ಕ್ರೋಮೋಸೋಮ್ ಬಹಳ ದಪ್ಪ. ಸಂಖ್ಯೆಯೂ ಕಡಿಮೆ, 16 ಅಷ್ಟೇ. ಉಳ್ಳಾಗಡ್ಡಿಯ ಒಟ್ಟು ಡಿಎನ್‌ಎ ಮನುಷ್ಯನದಕ್ಕಿಂತ ಸುಮಾರು ಐದು ಪಟ್ಟು ಜಾಸ್ತಿ. ಅಷ್ಟನ್ನೂ ಎಂಟು ಜೋಡಿಯಲ್ಲಿ ತುಂಬಿಟ್ಟಿದೆ. ಒಮ್ಮೆ ನಾನು ಊರಿನ ಅಭಿಮಾನದಿಂದ ತೊಗರಿ ಬೇರಿನಲ್ಲಿ ಇದೇ ಪ್ರಯೋಗ ಮಾಡಿದ್ದೆ. ತೊಗರಿಗೆ 22 ಕ್ರೋಮೋಸೋಮ್. ಸಾಸಿವೆ ಚೆಲ್ಲಿದ ಹಾಗೆ ಚುಕ್ಕಿ ಕಂಡವು, ತೋಳೂ ಇಲ್ಲ, ಸೆಂಟ್ರೋಮಿಯರ್ರೂ ಇಲ್ಲ. ಕೈ ಪಳಗಿದ ಮೇಲೆ ಬೇಕಾದರೆ ಮಾಡಿ.

ಮಧ್ಯಮ ಗಾತ್ರದ ಐದಾರು ಗಡ್ಡೆ ತನ್ನಿ. ಎಲ್ಲವೂ ಬೇರು ಬಿಡುವುದಿಲ್ಲ, ಹಾಗಾಗಿ ಒಂದೆರಡನ್ನು ನಂಬಿ ಕೂರಬೇಡಿ. ತಳದ ಒಣಬೇರನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆಯಿರಿ. ಒಳಗಿನ ಬಿಳಿ ತಟ್ಟೆಗೆ ಗಾಯ ಆಗಬಾರದು, ಹೊಸ ಬೇರು ಹೊರಡುವುದು ಅಲ್ಲಿಂದಲೇ. ಗ್ಲಾಸಿನ ಬಾಯಿಗೆ ಗಡ್ಡೆ ಕೂರಿಸಿ, ತಳ ಮಾತ್ರ ನೀರಿಗೆ ತಾಗುವಂತೆ ಇಡಿ. ಮೂರ್ನಾಲ್ಕು ದಿನಕ್ಕೆ ಎರಡು ಸೆಂಟಿಮೀಟರ್ ಬೇರು ಬರುತ್ತದೆ.

ನಮ್ಮ ಕಡೆ ದೊಡ್ಡ ತೊಂದರೆ ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದಾಗ ಗ್ಲಾಸಿನ ನೀರೇ ಬೆಚ್ಚಗಾಗುತ್ತದೆ. ಬೇರು ಲೋಳೆಯಾಗಿ ಕೊಳೆತು ನಾರುತ್ತದೆ. ಒಂದು ವರ್ಷ ಮೂರು ಸಲ ಹೀಗೇ ಹಾಳು ಮಾಡಿಕೊಂಡೆ. ಈಗ ಗ್ಲಾಸುಗಳನ್ನು ನೀರಿನ ಗಡಿಗೆಗೆ ಒತ್ತಿ ಇಟ್ಟು ಸುತ್ತ ಒದ್ದೆ ಬಟ್ಟೆ ಸುತ್ತುತ್ತೇನೆ. ನೀರು ದಿನಕ್ಕೆ ಎರಡು ಸಲ ಬದಲಿಸುತ್ತೇನೆ. ಇದನ್ನು ನವೆಂಬರ್‌ನಿಂದ ಫೆಬ್ರವರಿಯೊಳಗೆ ಮಾಡಿಕೊಂಡರೆ ಈ ಗೋಳೇ ಇಲ್ಲ. ಆದರೆ ಸೆಮಿನಾರ್ ಇಡುವವರು ಹವಾಮಾನ ನೋಡಿ ದಿನಾಂಕ ಹಾಕುವುದಿಲ್ಲವಲ್ಲ.

ಬೇರು ಬಂದ ಮೇಲೆ ಗಡ್ಡೆಗಳನ್ನು ಎರಡು ಗುಂಪು ಮಾಡಿ. ಮೊದಲ ಗುಂಪಿನ ಬೇರನ್ನು ಬೆಳಿಗ್ಗೆ ನೇರವಾಗಿ ಕತ್ತರಿಸಿ. ಎಂಟು, ಹತ್ತು, ಹನ್ನೆರಡು ಗಂಟೆಗೆ ಬೇರೆ ಬೇರೆ ಬಾಟಲಿಗೆ ಹಾಕಿ ಗುರುತು ಬರೆಯಿರಿ. ಒಡೆಯುವ ಕೋಶ ಯಾವ ಹೊತ್ತಿನಲ್ಲಿ ಜಾಸ್ತಿ ಅನ್ನುವುದಕ್ಕೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಿಮ್ಮ ಗಡ್ಡೆಯನ್ನೇ ಕೇಳುವುದು ಒಳ್ಳೆಯದು.

ಎರಡನೇ ಗುಂಪಿನ ಬೇರುಗಳನ್ನು 24 ಗಂಟೆ ಐಸ್ ನೀರಿನಲ್ಲಿ ಇಡಿ. ಥರ್ಮಾಸ್‌ನಲ್ಲಿ ನೀರು, ಐಸ್ ತುಂಡು ಹಾಕಿ ಬೇರು ಮುಳುಗುವಂತೆ ಕೂರಿಸಿ ಫ್ರಿಜ್‌ನಲ್ಲಿ ಇಡಬಹುದು. ಬರೀ ನೀರು, ಉಳ್ಳಾಗಡ್ಡಿ, ಹಾಗಾಗಿ ಮನೆಯವರೂ ಬೈಯುವುದಿಲ್ಲ. ಪುಸ್ತಕಗಳಲ್ಲಿ ಇಲ್ಲಿ ಕೊಲ್ಚಿಸಿನ್ ಬಳಸಿ ಅಂತ ಇರುತ್ತದೆ. ಅದು ವಿಷ. ಅಗ್ನಿಶಿಖೆ ಗಿಡದ ಗಡ್ಡೆ ತಿಂದವರು ಸಾಯುವುದು ಇದರಿಂದಲೇ. ನಮ್ಮ ಕೆಲಸಕ್ಕೆ ಐಸ್ ಸಾಕು. ಎರಡೂ ಮಾಡುವುದು ಒಂದೇ ಕೆಲಸ: ಎಳೆಗಳನ್ನು ಎಳೆಯುವ ಕದಿರಿನ ದಾರ, ಅಂದರೆ ಸ್ಪಿಂಡಲ್, ಕಟ್ಟಿಕೊಳ್ಳದಂತೆ ತಡೆಯುತ್ತವೆ. ಕೋಶ ಮೆಟಾಫೇಸ್‌ನಲ್ಲೇ, ಅಂದರೆ ಎಳೆಗಳು ಬೇರೆಯಾಗುವ ಮುಂಚಿನ ಹಂತದಲ್ಲೇ, ನಿಂತುಬಿಡುತ್ತದೆ.

ಕತ್ತರಿಸಿದ ಬೇರನ್ನು ಕೂಡಲೇ ಫಿಕ್ಸೇಟಿವ್‌ಗೆ, ಅಂದರೆ ಕೋಶವನ್ನು ಇದ್ದ ಹಾಗೇ ಹಿಡಿದಿಡುವ ದ್ರಾವಣಕ್ಕೆ, ಹಾಕಿ. ಮೂರು ಭಾಗ ಶುದ್ಧ ಎಥನಾಲ್, ಒಂದು ಭಾಗ ಗ್ಲೇಶಿಯಲ್ ಅಸಿಟಿಕ್ ಆಮ್ಲ. ಅವತ್ತೇ ಬೆರೆಸಿದ್ದಾಗಿರಬೇಕು, ನಿನ್ನೆಯದು ಬೇಡ. ಒಂದು ದಿನ ಅದರಲ್ಲಿ ಬಿಟ್ಟು, ಆಮೇಲೆ 70 ಶೇಕಡಾ ಎಥನಾಲ್‌ನಲ್ಲಿ ಕಾಲೇಜಿನ ಫ್ರಿಜ್‌ನಲ್ಲಿ ಇಡಬಹುದು. ಈ ಬಾಟಲಿ ಮಾತ್ರ ಮನೆ ಫ್ರಿಜ್‌ಗೆ ಬೇಡ. ಕೈಗವಸು ಹಾಕಿಕೊಳ್ಳಿ, ಕಿಟಕಿ ತೆಗೆದಿರಲಿ.

ಮುಂದೆ 1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 60 ಡಿಗ್ರಿಯಲ್ಲಿ ಎಂಟು ನಿಮಿಷ. ಇದು ಕೋಶಗಳ ನಡುವಿನ ಅಂಟನ್ನು ಕರಗಿಸುತ್ತದೆ. ಐದು ನಿಮಿಷಕ್ಕೇ ತೆಗೆದರೆ ಬೇರು ಚಪ್ಪಟೆಯಾಗುವುದಿಲ್ಲ, ಹದಿನೈದು ನಿಮಿಷ ಬಿಟ್ಟರೆ ಗಂಜಿಯಾಗುತ್ತದೆ. ನೀರಿನಲ್ಲಿ ತೊಳೆದು, ಕ್ರೋಮೋಸೋಮ್‌ಗೆ ಬಣ್ಣ ಹಿಡಿಸುವ ಅಸಿಟೋಕಾರ್ಮೈನ್‌ನಲ್ಲಿ ಅರ್ಧ ಗಂಟೆ ಇಡಿ. ಬಣ್ಣ ತೆಳುವಾಗಿ ಬಂದರೆ ಹಳೇ ತುಕ್ಕು ಹಿಡಿದ ಸೂಜಿಯಿಂದ ಬೇರನ್ನು ಕದಡಿ. ತಮಾಷೆ ಅಲ್ಲ, ಕಬ್ಬಿಣ ಸೇರಿದರೆ ಕಾರ್ಮೈನ್ ಬಣ್ಣ ಗಾಢವಾಗುತ್ತದೆ.

ಬೇರಿನ ತುದಿ ಉಳಿದ ಭಾಗಕ್ಕಿಂತ ಕಪ್ಪಗೆ ಕಾಣುತ್ತದೆ. ಆ ಒಂದೆರಡು ಮಿಲಿಮೀಟರ್ ಮಾತ್ರ ಬೇಕು. ಉಳಿದದ್ದು ಎಸೆಯಿರಿ. ಸ್ಲೈಡ್ ಮೇಲೆ 45 ಶೇಕಡಾ ಅಸಿಟಿಕ್ ಆಮ್ಲದ ಒಂದು ಹನಿ, ಅದರಲ್ಲಿ ತುದಿ, ಮೇಲೆ ಕವರ್ ಗ್ಲಾಸ್. ಬೆಂಕಿಕಡ್ಡಿಯ ಹಿಂಬದಿಯಿಂದ ಟಕ್ ಟಕ್ ಅಂತ ಹತ್ತಿಪ್ಪತ್ತು ಸಲ ತಟ್ಟಿ. ಮೋಡದ ಹಾಗೆ ಹರಡಿಕೊಳ್ಳುತ್ತದೆ. ಆಮೇಲೆ ಬ್ಲಾಟಿಂಗ್ ಪೇಪರ್ ಮಡಿಸಿ ಮೇಲಿಟ್ಟು ಹೆಬ್ಬೆರಳಿನಿಂದ ನೇರ ಕೆಳಗೆ ಒತ್ತಿ. ಅಕ್ಕಪಕ್ಕ ಜಾರಿದರೆ ಎಲ್ಲ ಕೋಶವೂ ಶಾವಿಗೆ ಥರ ಸುರುಳಿ ಸುತ್ತುತ್ತವೆ. ಹತ್ತು ಸ್ಲೈಡ್‌ನಲ್ಲಿ ಒಂದು ಚೆನ್ನಾಗಿ ಬಂದರೆ ನಿಮ್ಮ ಕೈ ಒಳ್ಳೆಯದೇ.

ಹಂತ 3: ನೋಡುವುದು ಏನನ್ನು

40 ಪಟ್ಟಿನ ಲೆನ್ಸ್‌ನಲ್ಲಿ ಮೊದಲು ಐಸ್‌ನಲ್ಲಿ ಇಡದ ಬೇರಿನ ಸ್ಲೈಡ್ ನೋಡಿ. ಮೆಟಾಫೇಸ್ ಕೋಶಗಳಲ್ಲಿ ಕ್ರೋಮೋಸೋಮ್‌ಗಳು ನಡುಗೆರೆಯಲ್ಲಿ ಒತ್ತೊತ್ತಾಗಿ ನಿಂತಿರುತ್ತವೆ. ಎಕ್ಸ್ ಹುಡುಕಬೇಡಿ, ಸಿಗುವುದಿಲ್ಲ. ಅನಾಫೇಸ್ ಕೋಶ ಹುಡುಕಿ. ಎರಡು ಗುಂಪು ಎದುರುಬದುರು ದಿಕ್ಕಿಗೆ ಹೋಗುತ್ತಿರುತ್ತವೆ. ಆ ಕೋಶದಲ್ಲಿ ಕತ್ತರಿ ಆಗಲೇ ಕೆಲಸ ಮುಗಿಸಿದೆ. 

ಈಗ ಐಸ್ ಸ್ಲೈಡ್. ಇಲ್ಲಿ ಎಲ್ಲ ಬೇರೆ. ಕ್ರೋಮೋಸೋಮ್‌ಗಳು ಕುಗ್ಗಿ ದಪ್ಪಗಾಗಿ ಕೋಶದ ತುಂಬ ಚೆಲ್ಲಿಕೊಂಡಿರುತ್ತವೆ. ಚೆನ್ನಾಗಿ ಹರಡಿದ ಒಂದು ಕೋಶ ಸಿಕ್ಕರೆ 16 ಎಣಿಸಬಹುದು. ಗಮನವಿಟ್ಟು ನೋಡಿ: ಎರಡು ಎಳೆಗಳ ತೋಳು ದೂರ ಸರಿದಿವೆ, ಆದರೆ ಒಂದು ಬಿಂದುವಿನಲ್ಲಿ ಮಾತ್ರ ಇನ್ನೂ ಕೂಡಿಕೊಂಡಿವೆ. ಇದೇ ಎಕ್ಸ್. ಸ್ವೀಡನ್ನಿನ ಆಲ್ಬರ್ಟ್ ಲೆವಾನ್ 1938ರಲ್ಲಿ ಇದೇ ಉಳ್ಳಾಗಡ್ಡಿ ಬೇರಿಗೆ ಕೊಲ್ಚಿಸಿನ್ ಕೊಟ್ಟು ಈ ಆಕಾರಗಳನ್ನು ವಿವರಿಸಿದರು. ಅದೇ ಲೆವಾನ್, ಜೋ ಹಿನ್ ಟಿಜೋ ಜೊತೆ ಸೇರಿ, 1956ರಲ್ಲಿ ಮನುಷ್ಯನ ಕ್ರೋಮೋಸೋಮ್ 48 ಅಲ್ಲ, 46 ಅಂತ ಜಗತ್ತಿಗೆ ಹೇಳಿದರು.

ಹಂತ 1ರ ಕಥೆ ಈಗ ನಿಮ್ಮ ಕಣ್ಣೆದುರಿಗೇ ಇದೆ. ಕೋಶ ಮೆಟಾಫೇಸ್‌ನಲ್ಲಿ ಜಾಸ್ತಿ ಹೊತ್ತು ನಿಂತಷ್ಟೂ ತೋಳಿನ ಬಳೆಗಳು ಜಾಸ್ತಿ ಬಿಚ್ಚುತ್ತವೆ. ಕಾವಲು ಇರುವ ಕಡೆ ಮಾತ್ರ ಬಿಚ್ಚುವುದಿಲ್ಲ. ಪ್ರಾಣಿಗಳ ಕೋಶದಲ್ಲಿ ಇದನ್ನು ಚೆನ್ನಾಗಿ ತೋರಿಸಿದ್ದಾರೆ. ಮನುಷ್ಯನ ಕೋಶಗಳಿಂದ ಶುಗೋಶಿನ್ 1 (ಎರಡು ಬಗೆಯ ಶುಗೋಶಿನ್‌ನಲ್ಲಿ ಒಂದು) ತೆಗೆದಾಗ ಎಕ್ಸ್ ಉಳಿಯುವುದೇ ಇಲ್ಲ. ಎಳೆಗಳು ಹೊತ್ತಿಗೆ ಮುಂಚೆಯೇ ಬಿಡಿಬಿಡಿಯಾಗಿ ಚೆಲ್ಲಿಹೋಗುತ್ತವೆ, ಕೋಶ ಒಡೆಯಲಾಗದೆ ಅಲ್ಲೇ ನಿಲ್ಲುತ್ತದೆ. ಅಂದರೆ ಕ್ರೋಮೋಸೋಮಿನ ಎಕ್ಸ್ ಆಕಾರ ಅದರ ಹುಟ್ಟುಗುಣ ಅಲ್ಲ. ಅದು ಕಾವಲುಗಾರ ಬಿಟ್ಟುಹೋದ ಗುರುತು.

ಫೋನ್ ಕ್ಯಾಮೆರಾವನ್ನು ಐಪೀಸ್‌ಗೆ ಹಿಡಿದು ಫೋಟೋ ತೆಗೆಯಿರಿ, ತಪ್ಪಿಲ್ಲ. ಆದರೆ ಪೆನ್ಸಿಲ್‌ನಿಂದ ಒಂದು ಕೋಶವನ್ನಾದರೂ ಬರೆಯಲೇಬೇಕು. ಫೋಟೋ ತೆಗೆದವನಿಗೆ ಕಾಣದ್ದು ಬರೆದವನಿಗೆ ಕಾಣುತ್ತದೆ.

ಹಂತ 4: ಇಲಿಗೆ ಬನ್ನಿ, ಆದರೆ ಇಲಿ ಹಿಡಿಯಬೇಡಿ

ನಾವು ಮಾತಾಡುತ್ತಿರುವುದು ಮಸ್ ಮಸ್ಕ್ಯುಲಸ್, ಚಿಕ್ಕ ಮನೆಯಿಲಿ. ಗೋದಾಮಿನ ಹೆಗ್ಗಣ ಅಲ್ಲ. ಪ್ರತಿ ವರ್ಷ ಒಬ್ಬನಾದರೂ "ನಮ್ಮ ಮನೆಯಲ್ಲೇ ಇವೆ ಸರ್, ಹಿಡಿದು ತರ್ಲಾ?" ಅನ್ನುತ್ತಾನೆ. ಬೇಡ. ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ನಿಯಮಗಳಿವೆ. ನೋಂದಣಿಯಾದ ಸಂಸ್ಥೆ ಬೇಕು, ಅಲ್ಲಿನ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಸೆಮಿನಾರ್‌ಗೆ ಅದರ ಅಗತ್ಯವೇ ಇಲ್ಲ. ಇಲಿಯ ಕ್ರೋಮೋಸೋಮ್ ಚಿತ್ರಗಳು ನೆಟ್‌ನಲ್ಲಿ ಬೇಕಾದಷ್ಟಿವೆ. ಮೌಸ್ ಕ್ಯಾರಿಯೋಟೈಪ್ ಅಂತ ಇಂಗ್ಲಿಷಿನಲ್ಲಿ ಹುಡುಕಿ.

ಚಿತ್ರ ನೋಡಿದ ಕೂಡಲೇ ನನ್ನ ಬೋರ್ಡಿನ ತಪ್ಪು ತಿಳಿಯುತ್ತದೆ. ಇಲಿಗೆ 40 ಕ್ರೋಮೋಸೋಮ್, 20 ಜೋಡಿ. ಎಲ್ಲದರ ಸೆಂಟ್ರೋಮಿಯರ್ರೂ ಒಂದು ತುದಿಯಲ್ಲೇ ಇದೆ. ತುದಿಯಲ್ಲಿ ಕೂಡಿ, ತೋಳು ಮಾತ್ರ ಅಗಲಿದರೆ ಏನು ಆಕಾರ ಬರುತ್ತದೆ? ಇಂಗ್ಲಿಷಿನ ವಿ. ಬಟ್ಟೆ ಒಣಹಾಕುವ ಹಳೇ ಮರದ ಕ್ಲಿಪ್ ನೋಡಿದ್ದರೆ ಹಾಗೆಯೇ. ನಮ್ಮಲ್ಲಿ ಎಕ್ಸ್ ಬರೆಸುವ ಶುಗೋಶಿನ್ ಇಲಿಯಲ್ಲಿ ವಿ ಬರೆಸುತ್ತದೆ. ಕೆಲಸ ಒಂದೇ, ಕೂರುವ ಜಾಗ ಬೇರೆ. ಯುರೋಪಿನ ಕೆಲವು ಕಡೆ ಎರಡು ವಿಗಳ ತುದಿ ಬೆಸೆದುಕೊಂಡು ಎಕ್ಸ್ ಥರ ಆದ ಕಾಡು ಇಲಿಗಳೂ ಇವೆ. ಅದಕ್ಕೆ ರಾಬರ್ಟ್‌ಸೋನಿಯನ್ ಬೆಸುಗೆ ಅನ್ನುತ್ತಾರೆ. ಲ್ಯಾಬ್ ಇಲಿಯಲ್ಲಿ ಸಾಮಾನ್ಯವಾಗಿ ಅದಿಲ್ಲ.

ಹಂತ 5: ಜೀನ್ ಪುಟ ಓದುವುದು

ಈಗ ಫೋನ್ ತೆಗೆಯಿರಿ. ನಾಲ್ಕು ವೆಬ್‌ಸೈಟ್ ಸಾಕು, ನಾಲ್ಕೂ ಪುಕ್ಕಟೆ: ಎಂಜಿಐ, ಎನ್‌ಸಿಬಿಐ ಜೀನ್, ಎನ್ಸೆಂಬಲ್, ಯೂನಿಪ್ರಾಟ್. ಎಂಜಿಐ ಅಂದರೆ ಮೌಸ್ ಜೀನೋಮ್ ಇನ್ಫರ್ಮ್ಯಾಟಿಕ್ಸ್, ಅಮೆರಿಕದ ಜಾಕ್ಸನ್ ಲ್ಯಾಬೊರೇಟರಿಯವರು ನಡೆಸುವುದು. ಇಲಿಯ ವಿಷಯಕ್ಕೆ ಅದೇ ದೊಡ್ಡಪ್ಪ. ಹಾಗಾಗಿ ಅಲ್ಲಿಂದ ಶುರು ಮಾಡಿ.

ಮೊದಲ ಎಡವಟ್ಟು ಹೆಸರಿನಲ್ಲೇ ಆಗುತ್ತದೆ. ಈ ಜೀನ್‌ನ ಈಗಿನ ಗುರುತು ಎಸ್‌ಜಿಒ1. ಹಳೆಯ ಲೇಖನಗಳಲ್ಲಿ ಎಸ್‌ಜಿಒಎಲ್1 ಅಂತ ಇರುತ್ತದೆ. ಎರಡೂ ಹೆಸರಿನಲ್ಲಿ ಹುಡುಕಿ, ಇಲ್ಲದಿದ್ದರೆ ಅರ್ಧ ಕೆಲಸ ತಪ್ಪಿಹೋಗುತ್ತದೆ. ಇನ್ನೊಂದು ನಿಯಮ ಇದೆ, ಕನ್ನಡ ಲಿಪಿಯಲ್ಲಿ ತೋರಿಸಲಾಗದ್ದು. ಇಲಿಯ ಜೀನ್ ಬರೆಯುವಾಗ ಮೊದಲ ಅಕ್ಷರ ಮಾತ್ರ ದೊಡ್ಡದು, ಉಳಿದವು ಚಿಕ್ಕವು. ಮನುಷ್ಯನದಾದರೆ ಎಲ್ಲ ದೊಡ್ಡಕ್ಷರ. ಜೀನ್ ಆದರೆ ಓರೆ ಅಕ್ಷರ, ಪ್ರೋಟೀನ್ ಆದರೆ ನೇರ ಅಕ್ಷರ. ಸ್ಲೈಡ್‌ನಲ್ಲಿ ಇದನ್ನು ತಪ್ಪು ಬರೆದರೆ ಯಾವ ಪ್ರಾಣಿಯ ಬಗ್ಗೆ ಹೇಳುತ್ತಿದ್ದೀರಿ ಅಂತಲೇ ಗೊತ್ತಾಗುವುದಿಲ್ಲ.

ಅದರ ಸೋದರ ಶುಗೋಶಿನ್ 2. ಇಲಿಯಲ್ಲಿ ಹುಡುಕಿದರೆ ಎಸ್‌ಜಿಒ2ಎ, ಎಸ್‌ಜಿಒ2ಬಿ ಅಂತ ಎರಡು ಬರುತ್ತವೆ. ಲೇಖನಗಳಲ್ಲಿ ಬರುವುದು ಬಹುತೇಕ ಎ. ಅದನ್ನೇ ಒತ್ತಿ.

ಪುಟ ತೆರೆದರೆ ಮಾಹಿತಿ ಮೈಮೇಲೆ ಬೀಳುತ್ತದೆ. ಎಲ್ಲ ಓದಬೇಡಿ. ಮೊದಲು ಜಾಗ ನೋಡಿ: ಎಸ್‌ಜಿಒ1 ಇಲಿಯ 17ನೇ ಕ್ರೋಮೋಸೋಮ್‌ನಲ್ಲಿದೆ, ಎಸ್‌ಜಿಒ2ಎ 1ನೇಯದರಲ್ಲಿ. ಮನುಷ್ಯನಲ್ಲಿ ಮೊದಲನೆಯದು 3ನೇ, ಎರಡನೆಯದು 2ನೇ ಕ್ರೋಮೋಸೋಮ್. ಸ್ಥಾನದ ಸಂಖ್ಯೆ ಬರೆದುಕೊಳ್ಳುವಾಗ ಅದು ಯಾವ ಆವೃತ್ತಿಯ ಜೀನೋಮ್ (ಇಡೀ ಡಿಎನ್‌ಎಯ ನಕ್ಷೆ) ಅಂತಲೂ ಬರೆಯಿರಿ. ಈಗಿನದು ಜಿಆರ್‌ಸಿಎಂ39. ಹಳೇ ಲೇಖನಗಳು 38ರಲ್ಲಿ ಇರುತ್ತವೆ, ಸಂಖ್ಯೆ ಹೊಂದುವುದಿಲ್ಲ. ನನ್ನ ಒಬ್ಬ ವಿದ್ಯಾರ್ಥಿನಿ ಎರಡು ದಿನ ತಲೆಕೆಡಿಸಿಕೊಂಡು ಕೂತಿದ್ದಳು, ಕಾರಣ ಇಷ್ಟೇ.

ಪ್ರೋಟೀನಿನ ಭಾಗಗಳಿಗೆ ಯೂನಿಪ್ರಾಟ್ ನೋಡಿ. ಎರಡು ತುದಿ ಗಮನಿಸಿದರೆ ಸಾಕು. ಒಂದು ತುದಿಯಲ್ಲಿ ಪಿಪಿ2ಎ ಹಿಡಿಯುವ ಸುರುಳಿ. ಇನ್ನೊಂದು ತುದಿಯಲ್ಲಿ ಸೆಂಟ್ರೋಮಿಯರ್ ಹಿಡಿಯುವ ಕೊಕ್ಕೆ. ಬಬ್1 ಎಂಬ ಕಿಣ್ವ ಸೆಂಟ್ರೋಮಿಯರ್ ಬಳಿಯ ಎಚ್2ಎ ಹಿಸ್ಟೋನ್ (ಡಿಎನ್‌ಎ ಸುತ್ತಿಕೊಂಡಿರುವ ಪ್ರೋಟೀನ್) ಮೇಲೆ ಗುರುತು ಹಾಕುತ್ತದೆ, ಈ ಕೊಕ್ಕೆ ಆ ಗುರುತಿಗೆ ಸಿಕ್ಕಿಕೊಳ್ಳುತ್ತದೆ. ಒಂದು ಕೈಯಲ್ಲಿ ಕಂಬ, ಇನ್ನೊಂದು ಕೈಯಲ್ಲಿ ಅಳಿಸುವ ರಬ್ಬರ್. ಕಾವಲುಗಾರನ ರೂಪ ಪೂರ್ತಿ ಇಷ್ಟೇ.

ಹಂತ 6: ಇಲ್ಲದಿದ್ದರೆ ಏನಾಗುತ್ತದೆ

ಜೀನ್ ಓದುವುದರಲ್ಲಿ ನಿಜವಾದ ತಿರುಳು ಇದೇ. ಎಂಜಿಐ ಪುಟದಲ್ಲಿ ಮ್ಯುಟೇಶನ್ (ಜೀನ್‌ನಲ್ಲಿ ಆದ ಬದಲಾವಣೆ), ಅಲೀಲ್ (ಜೀನ್‌ನ ಒಂದೊಂದು ರೂಪ), ಫೀನೋಟೈಪ್ (ಮೈಯಲ್ಲಿ ಕಾಣುವ ಪರಿಣಾಮ) ಅಂತ ಒಂದು ಭಾಗ ಇದೆ. ಅಲ್ಲಿ ಜೀನ್ ಕೆಡಿಸಿದ ಇಲಿಗಳ ಪಟ್ಟಿ ಸಿಗುತ್ತದೆ. ಅಲೀಲ್ ಹೆಸರಲ್ಲಿ ಟಿಎಂ ಅಂತಿದ್ದರೆ ಗುರಿಯಿಟ್ಟು ಬದಲಿಸಿದ್ದು, ಇಎಂ ಅಂತಿದ್ದರೆ ಕ್ರಿಸ್ಪರ್‌ನಂಥ ಕತ್ತರಿಯಿಂದ ಮಾಡಿದ್ದು. ಪಕ್ಕದಲ್ಲಿ ಎರಡಕ್ಷರದ ಸಂಕೇತ ಇರುತ್ತದೆ. ಎಚ್‌ಎಂ ಅಂದರೆ ಎರಡೂ ಪ್ರತಿ ಕೆಟ್ಟಿವೆ. ಎಚ್‌ಟಿ ಅಂದರೆ ಒಂದು ಪ್ರತಿ ಮಾತ್ರ. ಸಿಎನ್ ಅಂದರೆ ಒಂದು ಅಂಗದಲ್ಲಿ ಅಥವಾ ಒಂದು ಹೊತ್ತಿನಲ್ಲಿ ಮಾತ್ರ ಕೆಡಿಸಿದ್ದು. ಈ ಮೂರು ಸಂಕೇತ ಬೆರೆಸಿ ಓದಿದರೆ ತಲೆಬುಡ ಅರ್ಥ ಆಗುವುದಿಲ್ಲ. ನೋಟ್‌ಬುಕ್‌ನಲ್ಲಿ ಮೂರು ಅಂಕಣ ಹಾಕಿಕೊಳ್ಳಿ.

ಎಸ್‌ಜಿಒ1ರ ಎರಡೂ ಪ್ರತಿ ಹೋದರೆ ಮರಿ ಹುಟ್ಟುವುದಿಲ್ಲ, ಭ್ರೂಣವೇ ಸಾಯುತ್ತದೆ. ಆಶ್ಚರ್ಯ ಇಲ್ಲ, ಪ್ರತಿ ಕೋಶ ಒಡೆಯುವಾಗಲೂ ಇದು ಬೇಕು. ಒಂದು ಪ್ರತಿ ಹೋದರೆ ಇಲಿ ಬದುಕುತ್ತದೆ. ಆದರೆ 2012ರಲ್ಲಿ ಬಂದ ಒಂದು ಕೆಲಸದಲ್ಲಿ ಅಂಥ ಇಲಿಗಳ ಕೋಶಗಳಲ್ಲಿ ಕ್ರೋಮೋಸೋಮ್ ಲೆಕ್ಕ ತಪ್ಪುವುದು ಜಾಸ್ತಿ ಕಂಡಿತು. ಕ್ಯಾನ್ಸರ್ ತರಿಸುವ ರಾಸಾಯನಿಕ ಕೊಟ್ಟಾಗ ದೊಡ್ಡ ಕರುಳಿನಲ್ಲಿ ಗಡ್ಡೆಗಳೂ ಜಾಸ್ತಿ ಬಂದವು. ಇಲ್ಲಿ 'ರಾಸಾಯನಿಕ ಕೊಟ್ಟಾಗ' ಅನ್ನುವ ಮಾತು ಬಿಡಬೇಡಿ. ಸೆಮಿನಾರ್‌ಗಳಲ್ಲಿ ಇದನ್ನು ನುಂಗಿ, "ಈ ಜೀನ್ ಕೆಟ್ಟರೆ ಕ್ಯಾನ್ಸರ್" ಅಂದುಬಿಡುತ್ತಾರೆ.

ಈಗ ಎಸ್‌ಜಿಒ2ಎ ನೋಡಿ. 2008ರಲ್ಲಿ ಇದರ ಎರಡೂ ಪ್ರತಿ ಕೆಡಿಸಿದ ಇಲಿಗಳ ವಿವರ ಪ್ರಕಟವಾಯಿತು. ಅವು ಚೆನ್ನಾಗೇ ಬೆಳೆದವು, ದೊಡ್ಡವಾದವು, ಮೈಕೈ ಗಟ್ಟಿ. ಆದರೆ ಗಂಡಿಗೂ ಮರಿ ಆಗಲಿಲ್ಲ, ಹೆಣ್ಣಿಗೂ ಆಗಲಿಲ್ಲ. ನನಗಂತೂ ಈ ಫಲಿತಾಂಶವೇ ಇಡೀ ವಿಷಯದಲ್ಲಿ ಬಹಳ ಇಷ್ಟ. ಏಕೆ ಹೀಗೆ?

ಮೈಯ ಕೋಶಗಳು ಒಡೆಯುವ ಮೈಟೋಸಿಸ್‌ನಲ್ಲಿ ಕೋಶ ಒಂದು ಸಲ ಒಡೆಯುತ್ತದೆ. ವೀರ್ಯ, ಅಂಡ ಆಗುವ ಮಿಯೋಸಿಸ್‌ನಲ್ಲಿ ಎರಡು ಸಲ. ಮೊದಲ ಸಲ ಅಪ್ಪನಿಂದ ಬಂದ ಕ್ರೋಮೋಸೋಮ್, ಅಮ್ಮನಿಂದ ಬಂದ ಕ್ರೋಮೋಸೋಮ್ ಬೇರೆಯಾಗುತ್ತವೆ. ಒಂದೇ ಕ್ರೋಮೋಸೋಮಿನ ಎರಡು ಎಳೆ ಆಗ ಬೇರೆ ಆಗಬಾರದು, ಅವು ಎರಡನೇ ಸಲಕ್ಕೆ ಕಾಯಬೇಕು. ಅಂದರೆ ಕತ್ತರಿ ಸೆಪರೇಸ್ ಕಣ್ಣೆದುರೇ ಓಡಾಡುತ್ತಿದ್ದರೂ ಸೆಂಟ್ರೋಮಿಯರ್‌ನ ಬಳೆ ಒಂದು ಸುತ್ತು ಪೂರ್ತಿ ಉಳಿಯಬೇಕು. ಮಿಯೋಸಿಸ್‌ನಲ್ಲಿ ಬಳೆಯ ಕೊಂಡಿಯೂ ಬೇರೆ, ರ್‍ಯಾಡ್21 ಬದಲು ರೆಕ್8. ರೆಕ್8 ಮೇಲೆ ಫಾಸ್ಫೇಟ್ ಇದ್ದರೇ ಸೆಪರೇಸ್‌ಗೆ ಕತ್ತರಿಸಲು ಬರುವುದು. ಶುಗೋಶಿನ್ 2 ಕರೆತಂದ ಪಿಪಿ2ಎ ಅದನ್ನು ಅಳಿಸುತ್ತಿರುತ್ತದೆ. ಶುಗೋಶಿನ್ 2 ಇಲ್ಲದ ಇಲಿಯಲ್ಲಿ ಎಳೆಗಳು ಒಂದು ಸುತ್ತು ಮುಂಚೆಯೇ ಬಿಡಿಯಾದವು. ವೀರ್ಯ, ಅಂಡಗಳಲ್ಲಿ ಕ್ರೋಮೋಸೋಮ್ ಲೆಕ್ಕ ಕೆಟ್ಟಿತು.

ಎರಡು ಸೋದರರು, ಎರಡು ಪಾಳಿ. ಒಬ್ಬ ಮೈಯ ಕೋಶಗಳನ್ನು ಕಾಯುತ್ತಾನೆ, ಇನ್ನೊಬ್ಬ ಮುಂದಿನ ಪೀಳಿಗೆಯನ್ನು. ಸೆಮಿನಾರ್‌ಗೆ ಒಂದೇ ಚಿತ್ರ ಬರೆಯಲು ಅವಕಾಶ ಇದ್ದರೆ ನಾನು ಈ ಹೋಲಿಕೆಯನ್ನೇ ಬರೆಯುತ್ತೇನೆ.

ಹಂತ 7: ಮನುಷ್ಯರ ಬಗ್ಗೆ ಎಷ್ಟು ಹೇಳಬೇಕು

ಸ್ವಲ್ಪವೇ ಹೇಳಿ, ಹದ ತಪ್ಪದೆ ಹೇಳಿ. ಹೆಣ್ಣಿನ ಅಂಡಕೋಶಗಳು ಮಿಯೋಸಿಸ್ ಶುರು ಮಾಡುವುದು ಆಕೆ ತಾಯಿ ಹೊಟ್ಟೆಯಲ್ಲಿರುವಾಗಲೇ. ಬಳೆಗಳೂ ಆಗಲೇ ತೊಡಿಸಿದ್ದು. ಇಲಿಯಲ್ಲಿ ನೋಡಿದಂತೆ, ಆಮೇಲೆ ಹೊಸ ಬಳೆ ಹಾಕುವ ಲಕ್ಷಣ ಕಾಣಲಿಲ್ಲ. ವಯಸ್ಸಾದ ಹೆಣ್ಣಿಲಿಗಳ ಅಂಡಗಳಲ್ಲಿ ರೆಕ್8 ಕಡಿಮೆ, ಶುಗೋಶಿನ್ 2 ಕೂಡ ಕಡಿಮೆ. ತಾಯಿಯ ವಯಸ್ಸು ಜಾಸ್ತಿಯಾದಂತೆ ಒಂದು ಕ್ರೋಮೋಸೋಮ್ ಹೆಚ್ಚಾಗಿ ಬರುವ ಡೌನ್ ಸಿಂಡ್ರೋಮ್‌ನಂಥ ಸ್ಥಿತಿಯ ಸಾಧ್ಯತೆ ಏರುವುದಕ್ಕೆ ಇದೂ ಒಂದು ಕಾರಣ ಅಂತ ತಜ್ಞರು ನೋಡುತ್ತಾರೆ. ಇದನ್ನು ಹೇಳುವಾಗ ಕ್ಲಾಸಿನಲ್ಲಿ ಅಂಥ ಮಗು ಇರುವ ಮನೆಯವರೂ ಕೂತಿರಬಹುದು ಅಂತ ನೆನಪಿರಲಿ. ತಾಯಿಯ ತಪ್ಪು ಅನ್ನುವ ಧ್ವನಿ ಬರಬಾರದು. ಬಳೆ ಸವೆಯುವುದು ಯಾರ ತಪ್ಪೂ ಅಲ್ಲ.

ಇನ್ನೊಂದು ಅಪರೂಪದ ಸಂಗತಿ. 2014ರಲ್ಲಿ ಎಸ್‌ಜಿಒ1ರ ಡಿಎನ್‌ಎಯ ಒಂದೇ ಅಕ್ಷರ ಎರಡೂ ಪ್ರತಿಯಲ್ಲಿ ಬದಲಾದ ಜನರನ್ನು ವಿವರಿಸಿದರು. ಅವರಿಗೆ ಹೃದಯದ ಬಡಿತದ ಲಯವೂ ಕೆಟ್ಟಿತ್ತು, ಕರುಳಿನ ಚಲನೆಯ ಲಯವೂ ಕೆಟ್ಟಿತ್ತು. ಕೆನಡಾದ ಫ್ರೆಂಚ್ ಮೂಲದವರಲ್ಲಿ ಮತ್ತು ಸ್ವೀಡನ್ನಿನ ಒಬ್ಬರಲ್ಲಿ ಇದು ಕಂಡಿತು. ಕ್ರೋಮೋಸೋಮ್ ಕಾಯುವವನಿಗೂ ಹೃದಯದ ಬಡಿತಕ್ಕೂ ಏನು ಸಂಬಂಧ? ಪ್ರಶ್ನೋತ್ತರದ ಹೊತ್ತಿಗೆ ಸಭೆಯನ್ನು ಎಬ್ಬಿಸಲು ಇದು ಒಳ್ಳೆಯ ಪ್ರಶ್ನೆ.

ಹಂತ 8: ಬೋರ್ಡ್ ಮುಂದೆ ನಿಂತಾಗ

ಪವರ್‌ಪಾಯಿಂಟ್ ಆಮೇಲೆ. ಮೊದಲು ಚಾಕ್ ಹಿಡಿಯಿರಿ. ಎಡಕ್ಕೆ ನೀವೇ ಮಾಡಿದ ಐಸ್ ಸ್ಲೈಡಿನ ಒಂದು ಉಳ್ಳಾಗಡ್ಡಿ ಕ್ರೋಮೋಸೋಮ್ ಬರೆಯಿರಿ, ಎಕ್ಸ್ ಆಕಾರದ್ದು. ಬಲಕ್ಕೆ ಇಲಿಯದು, ವಿ ಆಕಾರದ್ದು. ಎರಡರಲ್ಲೂ ಕೂಡಿರುವ ಬಿಂದುವಿಗೆ ಬಣ್ಣದ ಚಾಕ್‌ನಿಂದ ಒಂದು ಚುಕ್ಕಿ ಇಡಿ. ಏನೂ ಹೇಳದೆ ಸ್ವಲ್ಪ ಹೊತ್ತು ನಿಲ್ಲಿ. ಯಾರಾದರೂ ಒಬ್ಬರು "ಆ ಚುಕ್ಕಿ ಏನು?" ಅಂತ ಕೇಳಿಯೇ ಕೇಳುತ್ತಾರೆ.

ಸ್ಲೈಡ್ ಅವತ್ತೇ ತೋರಿಸಬೇಕಿದ್ದರೆ ಕವರ್ ಗ್ಲಾಸಿನ ಅಂಚಿಗೆ ಉಗುರು ಬಣ್ಣ ಹಚ್ಚಿ. ಒಂದೆರಡು ದಿನ ಒಣಗದೆ ನಿಲ್ಲುತ್ತದೆ. ಮೇ ತಿಂಗಳಾದರೆ ಅದಕ್ಕೂ ಗ್ಯಾರಂಟಿ ಇಲ್ಲ, ಬೆಳಿಗ್ಗೆಯೇ ಹೊಸದು ಮಾಡಿಕೊಂಡು ಹೋಗಿ.